ನಾನು ದುಬೈ ಮುಟ್ಟಿಸಿದ ಮನುಷ್ಯ

"ಹಾಗಾದ್ರೆ ನನ್ನ ತಂದೆ ದುಬೈ ಮುಟ್ಟಿದ್ದಾರಾ ಮಗಾ?" ಹಿಂದೆ ನಿಂತಿದ್ದ ಅಜ್ಜಿಯೊಬ್ಬರು ಕೇಳಿದಾಗ ನಾನು ನಗು ನಿಲ್ಲಿಸಿ ತಿರುಗಿದೆ.

ಹಂಪನಕಟ್ಟೆಯ ಹಳೇ ಫೋಟೋ ಪ್ರದರ್ಶನದಲ್ಲಿ ನಾನು ಫ್ರೆಂಡ್ಸಿಗೆ ಗೈಡ್ ಆಗಿದ್ದೆ, ಯಾರೂ ಕೇಳದೆ. ಎದುರಿಗಿದ್ದದ್ದು ಗಲ್ಫಿಗೆ ಹೊರಟ ಹಾಯಿಹಡಗಿನ ಫೋಟೋ. ಮೂಲೆಯಲ್ಲಿ ಕೂತ ಸಪೂರದ ಒಬ್ಬರನ್ನು ತೋರಿಸಿ, "ಈ ಜನ ಉಂಟಲ್ಲ ಮಾರಾಯ, ದುಬೈಯಲ್ಲಿ ಶೇಖನ ಅಡುಗೆಯವ ಆಗಿ, ತಿಂದು ತಿಂದು ಎಷ್ಟು ದಪ್ಪ ಆದ ಅಂದ್ರೆ, ಹೊರಗೆ ತರ್ಲಿಕ್ಕೆ ಗೋಡೆ ಒಡೀಬೇಕಾಯ್ತು" ಅಂತ ರೈಲು ಬಿಟ್ಟಿದ್ದೆ.

"ಇವರದ್ದೇ ಒಂದು ಫೋಟೋ ನಮ್ಮ ಮನೆಯಲ್ಲಿ ಉಂಟು. ನಾನು ಹೊಟ್ಟೆಯಲ್ಲಿದ್ದಾಗ ಹೋದವರು" ಅಂದ್ರು ಅಜ್ಜಿ. "ಹಡಗು ಮುಳುಗಿತು ಅಂತಲೇ ಅಮ್ಮ ಹೇಳ್ತಿದ್ರು."

ಅವರಿಗೆ ಖುಷಿಯಾಗ್ಲಿ ಅಂತ, "ಇಲ್ಲಜ್ಜಿ, ಮುಟ್ಟಿ ಆರಾಮ ಇದ್ರಂತೆ" ಅಂದೆ.

ಅವರು ಸುಮಾರು ಹೊತ್ತು ಫೋಟೋ ನೋಡಿದ್ರು. "ಬದುಕಿದ್ದೂ ಒಂದು ಕಾಗದ ಹಾಕ್ಲಿಲ್ಲ" ಅಂತ ಹೇಳಿ ಹೋದ್ರು. ನಾನು ಮಾಡಿದ್ದು ಏನಂತ ಆಗ ತಲೆಗೆ ಹೋಗಿ, ಓಡಿ ಕೆಳಗೆ ಬರುವಾಗ ಅವರ ಕುದ್ರೋಳಿ ಬಸ್ಸು ಹೊರಟಾಗಿತ್ತು.

ಅಜ್ಜಿ, ನಿಮ್ಮ ಮನೆಗೆ ಈ ಪೇಪರ್ ಬರ್ತದಾದ್ರೆ ದಯವಿಟ್ಟು ಓದಿ. ಆ ಫೋಟೋದ ಬಗ್ಗೆ ನನಗೆ ಗೊತ್ತಿದ್ದದ್ದು ಅದಕ್ಕೊಂದು ಫ್ರೇಮ್ ಉಂಟು ಅಂತ ಮಾತ್ರ. ನಿಮ್ಮ ಅಮ್ಮ ಹೇಳಿದ್ದನ್ನೇ ನಂಬಿ.