ಇಂಟರ್‌ವ್ಯೂ ಮಿಸ್

ಬೀದಿಯವರೆಲ್ಲ ಅವರನ್ನು ಕರೆಯುವುದು ಇಂಟರ್‌ವ್ಯೂ ಮಿಸ್ ಎಂದೇ. ಶಾಲೆಗೆ ಸೇರಲಿರುವ ಮಕ್ಕಳನ್ನು ಸಂದರ್ಶನಕ್ಕೆ, ಸೇರಿದವರನ್ನು ಚರ್ಚಾಸ್ಪರ್ಧೆಗೆ ತಯಾರು ಮಾಡುವುದು ಅವರ ಕಸುಬು. ಮೀಟರ್ ನೋಡಲು ಬಂದವನಿಗೂ "ಬೆನ್ನು ನೆಟ್ಟಗಿರ್ಲಿ, ಕೂತ್ಕೊಳ್ಳಿ ಅಂದ್ಮೇಲೇ ಕೂತ್ಕೋಬೇಕು" ಎನ್ನುತ್ತಾರೆ. ಯಾರೂ ಬಾರದ ದಿನ ಒಬ್ಬರೇ ಎರಡು ಕುರ್ಚಿ ಹಾಕಿ, ಒಂದರಲ್ಲಿ ಕುಳಿತು ವಿಷಯದ ಪರ, ಇನ್ನೊಂದರಲ್ಲಿ ಕುಳಿತು ವಿರೋಧ ವಾದಿಸುತ್ತಾರೆ. ಪಕ್ಕದ ಮನೆಯಾಕೆ ಒಮ್ಮೆ ಜಗಳ ಬಿಡಿಸಲೆಂದು ಓಡಿಬಂದಿದ್ದರು. ಸೀಟು ಸಿಕ್ಕ ಮಗುವಾಗಲಿ, ಬಹುಮಾನ ಗೆದ್ದ ಮಗುವಾಗಲಿ ಮತ್ತೆ ಈ ಕಡೆ ತಲೆ ಹಾಕುವುದಿಲ್ಲವಾದ್ದರಿಂದ, ಮಿಸ್ ಚೆನ್ನಾಗಿ ಕಲಿಸಿದಷ್ಟೂ ಮನೆ ಬೇಗ ಬರಿದಾಗುತ್ತದೆ. ಹೋದ ವರ್ಷ ಸೀಟು ತಪ್ಪಿದ ಪುಟ್ಟಿ ಮಾತ್ರ ಈ ಸಲವೂ ಬರುತ್ತಿದ್ದಳು. ಅವಳ ಸಂದರ್ಶನದ ಹಿಂದಿನ ಸಂಜೆ, ಹೆದರಿಕೆ ಬಿಡಿಸಲು ಮಿಸ್ ಅವಳನ್ನೇ ಹೆಡ್‌ಮಿಸ್ ಮಾಡಿ ದೊಡ್ಡ ಕುರ್ಚಿಗೆ ಹತ್ತಿಸಿ, ತಾವು ಎದುರಿನ ಸ್ಟೂಲಿನಲ್ಲಿ ಕುಳಿತರು. "ಮನೇಲಿ ಯಾರ್ಯಾರಿದ್ದೀರಮ್ಮ?" ಪುಟ್ಟಿ ಗತ್ತಿನಿಂದ ಕೇಳಿದಳು. ಮಿಸ್, "ಸಂಜೆ ಹೊತ್ತು ಪುಟ್ಟಿ ಅಂತ ಒಬ್ಬಳು ಇರ್ತಾಳೆ" ಎಂದರು. "ಅವಳಿಗೆ ಸೀಟು ಸಿಕ್ಕಿದ್ಮೇಲೆ?" ಎಂದಳು ಪುಟ್ಟಿ. "ಗೊತ್ತಿಲ್ಲ ಮಿಸ್" ಎಂದವರು, ಸ್ಟೂಲಿನಲ್ಲಿ ಬೆನ್ನು ನೆಟ್ಟಗೆ ಮಾಡಿಕೊಂಡು, "ಉತ್ತರ ಗೊತ್ತಿಲ್ದಿದ್ರೆ ಹೀಗೇ ಹೇಳ್ಬೇಕು ನೋಡು, ಹೆದರ್ಕೋಬಾರ್ದು" ಎಂದು ಪಾಠ ಮುಂದುವರಿಸಿದರು.