ದೊಡ್ಡಮ್ಮನ ಫೋನಿನಲ್ಲಿ ಉಳಿದುಹೋದ ದನಿ

ತಪ್ಪು ನನ್ನದೇ, ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಊರವರೆಲ್ಲರ ದನಿ ಅನುಕರಿಸುವ ಚಟ ನನಗೆ; ನನ್ನ ಸ್ವಂತ ದನಿ ಯಾವುದೆಂದು ನನಗೇ ಮರೆತುಹೋಗಿದೆ. ಯಶವಂತನಗರದ ದೊಡ್ಡಮ್ಮನನ್ನು ನಗಿಸಲು ಅವಳ ಫೋನಿಗೆ ಒಂದು ಅಲಾರಂ ಆ್ಯಪ್ ಹಾಕಿ, ತೀರಿಹೋದ ದೊಡ್ಡಪ್ಪನ ದನಿಯಲ್ಲಿ ಮಧ್ಯಾಹ್ನ ಒಂದಕ್ಕೆ ಮಾತಾಡುವಂತೆ ರೆಕಾರ್ಡ್ ಮಾಡಿದ್ದೆ. ಆಮೇಲೆ ನಾಚಿಕೆಯಾಗಿ ತೆಗೆಯಹೋದರೆ, ಆ್ಯಪ್ ಅಪ್‌ಡೇಟ್ ಆಗತೊಡಗಿ, ನೆಟ್‌ವರ್ಕ್ ಸಿಗದೆ ಅರ್ಧಕ್ಕೇ ನಿಂತಿತು. ಪರದೆಯಿಂದ ಅದರ ಗುರುತೂ ಮಾಯವಾಯಿತು. ಪೀಡೆ ತೊಲಗಿತು ಅಂದುಕೊಂಡೆ.

ತಿಂಗಳ ಬಳಿಕ ಮತ್ತೆ ಹೋದಾಗ ಇಬ್ಬರೂ ಊಟಕ್ಕೆ ಕೂತಿದ್ದೆವು. ಊರ ಪಕ್ಕದ ಗಣಿಯಲ್ಲಿ ಒಂದು ಗಂಟೆಯ ಸೈರನ್ ಕೂಗಿ ನಿಂತಿತು. ಮರುಕ್ಷಣವೇ ಫೋನ್ ಇಟ್ಟಿದ್ದ ಗೋಡೆಯ ಗೂಡಿನಿಂದ ದೊಡ್ಡಪ್ಪ ಕೆಮ್ಮಿ ಕೇಳಿದರು: "ಏನೇ, ಉಂಡಿಯೇನ?"

ನನ್ನದೇ ದನಿಯೆಂದು ಗೊತ್ತಿದ್ದೂ ಕೈಯಲ್ಲಿದ್ದ ರೊಟ್ಟಿ ಜಾರಿತು. ದೊಡ್ಡಮ್ಮ ಮಾತ್ರ ಸೆರಗು ಸರಿಮಾಡಿಕೊಂಡು, ಗೂಡಿನತ್ತ ತಿರುಗಿ, "ಉಣ್ಣಾಕತ್ತೀನ್ರಿ" ಎಂದಳು.

ಅವಳ ಬುದ್ಧಿಗೇ ಏನಾದರೂ ಆಯಿತೇ ಎಂದು ಹೆದರಿ ಫೋನ್ ಎತ್ತಿಕೊಂಡೆ. ಪರದೆಯಲ್ಲಿ ಏನೂ ಇರಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಆ್ಯಪ್‌ಗಳ ಪಟ್ಟಿ ತೆರೆದರೆ, ಅರ್ಧಂಬರ್ಧ ಅಪ್‌ಡೇಟ್ ಆಗಿದ್ದ ಆ ಅಲಾರಂ ತೀರ ಕೆಳಗೆ ಅಡಗಿ ಕೂತಿತ್ತು. ಅನ್‌ಇನ್‌ಸ್ಟಾಲ್ ಒತ್ತುವ ಮೊದಲು ತಡೆಯಲಾರದೆ ಹೇಳಿದೆ: "ದೊಡ್ಡಮ್ಮ, ಅದು ದೊಡ್ಡಪ್ಪ ಅಲ್ಲ. ನಾನು."

ದೊಡ್ಡಮ್ಮ ಫೋನ್ ಕಸಿದುಕೊಂಡಳು.

"ಮೊದಲ್ನೇ ದಿನಾನ ಗೊತ್ತಾತಲೇ ಮಂಗ್ಯಾ. ನಿಮ್ಮ ದೊಡ್ಡಪ್ಪ ಇರೋತನಕ ಒಂದಿನಾನೂ ನಂಗ ಉಂಡಿಯೇನಂತ ಕೇಳ್ಲಿಲ್ಲ. ಈಗರ ಕೇಳಾಕತ್ತಾರ, ತೆಗೀಬ್ಯಾಡ."