ಕಸ್ತೂರಿಯ ಚಪ್ಪಲಿ

ಇಪ್ಪತ್ತೈದು ವರ್ಷದ ಹಿಂದಿನ ಮಾತು. ಆ ಗುರುವಾರ ಮಧ್ಯಾಹ್ನ ಬೈಲಹೊಂಗಲದ ನಮ್ಮ ಆರೈಕೆ ಮನೆಯಲ್ಲಿ ಇದ್ದವರು ಮೂವರೇ: ದಾದಿಯಾಗಿದ್ದ ನಾನು, ಹದಿಮೂರರ ಕಸ್ತೂರಿ, ಅವಳ ತಾಯಿ ನೀಲವ್ವ. ನಾನೀಗ ಹೇಳುವಂಥ ಕತೆಗಳನ್ನು ಯಾರಾದರೂ ಹೇಳಿದರೆ ಅದುವರೆಗೆ ನಾನು ನಕ್ಕು ಸುಮ್ಮನಾಗುತ್ತಿದ್ದೆ. ನೀವೂ ನಗಬಹುದು, ನನಗೆ ಬೇಸರವಿಲ್ಲ.

ಮುನವಳ್ಳಿ ಹತ್ತಿರ ಕಬ್ಬಿನ ಟ್ರ್ಯಾಕ್ಟರ್ ಮೇಲಿಂದ ಬಿದ್ದು ಕಸ್ತೂರಿಯ ಬೆನ್ನುಹುರಿಗೆ ಪೆಟ್ಟಾಗಿತ್ತು. ಸೊಂಟದ ಕೆಳಗೆ ಸೂಜಿ ಚುಚ್ಚಿದರೂ ತಿಳಿಯುತ್ತಿರಲಿಲ್ಲ. ಮಲಗಿ ಮಲಗಿ ಹುಣ್ಣಾಗಬಾರದೆಂದು ಎರಡು ತಾಸಿಗೊಮ್ಮೆ ಅವಳ ಮಗ್ಗುಲು ಬದಲಿಸುವುದು ನನ್ನ ಕೆಲಸ.

“ಅಕ್ಕಾರ, ರೊಟ್ಟಿ ತಿರುವಿ ಹಾಕಿದಂಗ ಹಾಕ್ತೀರಲ್ರಿ. ಬೆಂದೇನೋ ಇಲ್ಲೋ ನೋಡ್ರಿ,” ಎಂದು ಚೇಷ್ಟೆ ಮಾಡುತ್ತಿದ್ದಳು. ಅವಳು ಮತ್ತೆ ನಡೆಯುವುದಿಲ್ಲವೆಂದು ಡಾಕ್ಟರು ಹೇಳಿಬಿಟ್ಟಿದ್ದರು. ನೀಲವ್ವ ಮಾತ್ರ ಒಪ್ಪಿರಲಿಲ್ಲ.

ಅಂದು ಮೂರು ಗಂಟೆ ದಾಟಿತ್ತು. ಮಗ್ಗುಲು ತಿರುಗಿಸಲು ಹೋದರೆ ಅವಳು ನನ್ನ ಸೆರಗು ಹಿಡಿದಳು. “ಅಂಗಾಲು ಸುಡಾಕ ಹತ್ತ್ಯಾವ್ರಿ. ಎರಡೂ.”

ನೀಲವ್ವ ಓಡಿಬಂದು ಮಗಳ ಕಾಲು ಅಪ್ಪಿಕೊಂಡಳು. “ಕೂಸಿನ ಕಾಲಿಗೆ ಜೀವ ಬಂತ್ರಿ ಅಕ್ಕಾರ.”

ಪಾದ ಮುಟ್ಟಿದೆ, ತಣ್ಣಗಿತ್ತು. ಸೂಜಿ ಚುಚ್ಚಿದೆ, ಅವಳಿಗೆ ಗೊತ್ತೇ ಆಗಲಿಲ್ಲ. ಉರಿ ಹದಿನೈದು ನಿಮಿಷ ಇದ್ದು ತಾನಾಗಿ ನಿಂತಿತು. ಹುರಿಗೆ ಪೆಟ್ಟಾದವರಿಗೆ ಹೀಗೆ ಇಲ್ಲದ ಉರಿ ಕಾಣಿಸುವುದುಂಟು ಎಂದರು ಡಾಕ್ಟರು. ನಾನೂ ನಂಬಿದೆ. ನೀಲವ್ವ ಎರಡು ದಿನ ಊಟ ಬಿಟ್ಟಳು.

ರವಿವಾರ ಉಗರಗೋಳದಿಂದ ಕಸ್ತೂರಿಯ ಅಜ್ಜಿ ಬಂದಳು. ಕೂಸಿಗೆ ಅಂಗಾಲು ಉರಿದಿತ್ತೆಂದು ನೀಲವ್ವ ಹೇಳುತ್ತಲೇ ಮುದುಕಿ ಗೋಡೆ ಹಿಡಿದು ಕುಂತಳು. ಯಾವ ದಿನವೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

“ಇಕಿ ಚಪ್ಪಲಿ ಬಾಗಲದಾಗ ಇದ್ದುವವಾ. ದಿನಾ ನೋಡಾಕ ಆಗಲಿಲ್ಲ. ಗುರುವಾರ ಮೂರರ ಬಸ್ಸು ಹ್ವಾದಮ್ಯಾಗ ನೀರೊಲಿ ಬೆಂಕಿಗೆ ಹಾಕಿಬಿಟ್ಟೆ.”

ಮುಂದಿನ ವಾರ ಅಜ್ಜಿ ಹೊಸ ಚಪ್ಪಲಿ ತಂದು ಕಾಟಿನ ಕೆಳಗಿಟ್ಟಳು. “ಒಂದ ಬಟ್ಟು ದೊಡ್ಡವು ತರಬೇಕಿತ್ತಲ್ಲ ಆಯಿ, ನಾ ಬೆಳಿಯಂಗಿಲ್ಲೇನು,” ಎಂದಳು ಕಸ್ತೂರಿ.

ಅದು ಏನಿತ್ತೋ, ಇಂದಿಗೂ ನನಗೆ ತಿಳಿದಿಲ್ಲ. ಡಾಕ್ಟರ ಮಾತು ಸುಳ್ಳೆನ್ನಲಾರೆ, ಮುದುಕಿಯದೂ ಸುಳ್ಳೆನ್ನಲಾರೆ.

ಆ ಮಳೆಗಾಲದಲ್ಲಿ ಬೆನ್ನಿಗೆ ಹುಣ್ಣಾಗಿ, ಅದು ನಂಜೇರಿ ಕಸ್ತೂರಿ ತೀರಿಕೊಂಡಳು. ಮಣ್ಣಿಗೆ ನಾನೂ ಹೋಗಿದ್ದೆ. ಹೊಲದಲ್ಲಿ ಮಣ್ಣು ಮಾಡುವಾಗ ಅಜ್ಜಿ ಸೆರಗಿನೊಳಗಿಂದ ಆ ಹೊಸ ಚಪ್ಪಲಿ ತೆಗೆದಳು. ಹಿರಿಯರು ಬೇಡವೆಂದರೂ ಕೇಳದೆ ಕುಣಿಯೊಳಗೆ ಬಾಗಿ ಪಾದದ ಬದಿಗೆ ಇಟ್ಟಳು.

“ಇವನ್ನ ಸುಡಂಗಿಲ್ಲವಾ,” ಅಂದಳು.